ಮೊದಲು ಗೆರೆ ತೆಳುವಾಗಲಿ

ಸ್ಕ್ಯಾನ್ ಮಾಡಿದ ಹಳೇ ಡ್ರಾಯಿಂಗ್‌ಗೆ ಮೊದಲು ಕ್ಯಾನಿ (ಚಿತ್ರದಲ್ಲಿ ಅಂಚು ಹುಡುಕುವ ವಿಧಾನ), ಆಮೇಲೆ ಹಫ್ ಟ್ರಾನ್ಸ್‌ಫಾರ್ಮ್ (ಚುಕ್ಕೆಗಳಿಂದ ಗೆರೆ ಹುಡುಕುವ ವಿಧಾನ) ಹಾಕಿದರೆ ನೇರ ಗೆರೆಗಳೆಲ್ಲ ಸಿಗುತ್ತವೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಫೋಟೋಗೆ ಇದು ಸರಿ. ಡ್ರಾಯಿಂಗ್‌ಗೆ ಅಷ್ಟು ಹೊಂದುವುದಿಲ್ಲ. ಕ್ಯಾನಿ ಹುಡುಕುವುದು ಅಂಚನ್ನು. ಪೆನ್ನಿನ ಗೆರೆಗೆ ದಪ್ಪ ಇರುತ್ತದೆ ಅಲ್ವಾ? ಎರಡೂ ಬದಿಯ ಅಂಚು ಸಿಕ್ಕಿ ಒಂದೇ ಗೆರೆ ಎರಡಾಗುತ್ತದೆ. ಗೋಡೆಯನ್ನು ಜೋಡಿ ಗೆರೆಯಲ್ಲಿ ತೋರಿಸುವ ಮನೆ ಪ್ಲಾನ್‌ನಲ್ಲಂತೂ ನಾಲ್ಕು ಗೆರೆ!

ಅದರ ಬದಲು ಚಿತ್ರವನ್ನು ಬರೀ ಕಪ್ಪು-ಬಿಳುಪು ಮಾಡಿ, ಗೆರೆಯನ್ನು ಒಂದು ಪಿಕ್ಸೆಲ್‌ಗೆ ಇಳಿಸಿ, ಆಮೇಲೆ ಹಫ್ ಹಾಕಿ. ದಪ್ಪವನ್ನು ಮೊದಲೇ ಅಳೆದಿಡಿ. ವಸ್ತುವಿನ ಹೊರಗೆರೆ ದಪ್ಪ, ಅಳತೆಯ ಗೆರೆ ತೆಳು. ಆ ವ್ಯತ್ಯಾಸ ಕಳೆದುಕೊಂಡರೆ ಆಮೇಲೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಹಫ್‌ನಲ್ಲಿ ಪ್ರತಿ ಚುಕ್ಕೆಯೂ ತನ್ನ ಮೂಲಕ ಹಾದುಹೋಗಬಹುದಾದ ಎಲ್ಲ ಗೆರೆಗಳಿಗೂ ಓಟು ಹಾಕುತ್ತದೆ. ಜಾಸ್ತಿ ಓಟು ಪಡೆದದ್ದು ಗೆರೆ. ಪಾಲ್ ಹಫ್ 1962ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಗೆರೆಯನ್ನು ಗುರುತಿಸಲು ಅದರ ಇಳಿಜಾರನ್ನು ಬಳಸಿದ್ದರು. ನೆಟ್ಟಗೆ ನಿಂತ ಗೆರೆಯ ಇಳಿಜಾರು ಅನಂತ, ಲೆಕ್ಕ ಅಲ್ಲೇ ಕೈಕೊಡುತ್ತದೆ. 1972ರಲ್ಲಿ ಡ್ಯೂಡಾ ಮತ್ತು ಹಾರ್ಟ್ ಎಂಬ ಸಂಶೋಧಕರು ಅದರ ಬದಲು ಕೋನ ಮತ್ತು ಮೂಲಬಿಂದುವಿನಿಂದ ಗೆರೆಗಿರುವ ದೂರವನ್ನು ಬಳಸಿದ್ದಕ್ಕೇ ಇವತ್ತು ಕಂಬ, ಗೋಡೆಗಳ ಗೆರೆ ಸಲೀಸಾಗಿ ಸಿಗುತ್ತಿವೆ. ಇದನ್ನು ಲೇಖನದಲ್ಲಿ ಖಂಡಿತ ಸೇರಿಸಿ.

ಇನ್ನೊಂದು ವಿಷಯ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್‌ನಲ್ಲಿ, ಗೆರೆಯ ತುಂಡುಗಳ ನಡುವೆ ಎಷ್ಟು ಅಂತರವಿದ್ದರೂ ಅವನ್ನು ಒಂದೇ ಗೆರೆ ಎಂದು ಜೋಡಿಸಬಹುದು ಎಂದು ಹೇಳುವ ಅಳತೆಯೊಂದಿದೆ. ಅದನ್ನು ಸುಮ್ನೆ ಹೆಚ್ಚಿಸಬೇಡಿ. ಮರೆಯಲ್ಲಿರುವ ಅಂಚನ್ನು ತೋರಿಸುವ ತುಂಡು ಗೆರೆ ಒಂದಾಗಿ, ಎದುರಿಗೇ ಕಾಣುವ ಅಂಚಿನಂತೆ ಬಂದುಬಿಡುತ್ತದೆ.