ಆಡಿದವರಿಗೆ ನೆನಪಿಲ್ಲ, ಕೂತವರಿಗೆ ಎಲ್ಲ ನೆನಪು

ಖೋಖೋ ಟೀಮಿಗೆ 12 ಜನರ ಹೆಸರು ಬರೆದುಕೊಡಬೇಕು. ಅಂಗಳಕ್ಕೆ ಇಳಿಯೋದು 9 ಜನ. ಉಳಿದ ಮೂವರಿಗೆ ನಿಯಮದ ಪುಸ್ತಕದಲ್ಲಿ ಬದಲಿ ಆಟಗಾರರು ಅಂತ ಗೌರವದ ಹೆಸರಿದೆ. ನಮ್ಮ ಹೈಸ್ಕೂಲಲ್ಲಿ ಎಕ್ಸ್‌ಟ್ರಾ ಅನ್ನುತ್ತಿದ್ದರು. ನಾನು ಎಕ್ಸ್‌ಟ್ರಾ. ಎಂಟನೇ ಕ್ಲಾಸಲ್ಲೂ ಎಕ್ಸ್‌ಟ್ರಾ, ಒಂಬತ್ತರಲ್ಲೂ ಎಕ್ಸ್‌ಟ್ರಾ, ಎಸ್ಸೆಸ್ಸೆಲ್ಸಿಯಲ್ಲೂ ಎಕ್ಸ್‌ಟ್ರಾ. ಬಡ್ತಿಯೂ ಇಲ್ಲ, ವರ್ಗಾವಣೆಯೂ ಇಲ್ಲ.

ಬೇಜಾರಿಂದ ಹೇಳುತ್ತಿಲ್ಲ. ಇಷ್ಟು ವರ್ಷ ಆದಮೇಲೆ ನೋಡಿದರೆ ಆ ಟೀಮಿನಲ್ಲಿ ಒಳ್ಳೆ ಜಾಗ ಸಿಕ್ಕಿದ್ದು ನಮಗೇ ಅನ್ನಿಸುತ್ತದೆ. ಈಚೆಗೆ ನಮ್ಮ ಬ್ಯಾಚಿನ ಹುಡುಗಿಯರೆಲ್ಲ (ಹುಡುಗಿಯರು ಅಂತಲೇ ಬರೆಯುತ್ತೇನೆ, ಇಬ್ಬರು ಆಗಲೇ ಅಜ್ಜಿ ಆಗಿದ್ದಾರೆ, ಇರಲಿ) ವಾಟ್ಸಾಪಿನಲ್ಲಿ ಮಾತಾಡುವಾಗ ನಮ್ಮ ಕ್ಯಾಪ್ಟನ್ ಸುಮ್ನೆ ಒಂದು ಪ್ರಶ್ನೆ ಹಾಕಿದಳು. "ಲೇ, ಹೋಬಳಿ ಫೈನಲ್ಲಲ್ಲಿ ನಾವು ಸೋತಿದ್ದು ಹೆಂಗೇ?" ಅವಳೇ ಕ್ಯಾಪ್ಟನ್, ಅವಳಿಗೇ ಗೊತ್ತಿಲ್ಲ. ನಮ್ಮ ಟೀಮಿನ ಮುಖ್ಯ ಓಟಗಾರ್ತಿ, ಯಾರ ಕೈಗೂ ಸಿಗದವಳು, "ಸೋತ್ವಾ? ಗೆದ್ವಿ ಅಂದ್ಕೊಂಡಿದ್ದೆ" ಅಂತ ಬರೆದಳು. ಆಮೇಲೆ ಶುರುವಾಯಿತು ನೋಡಿ ಮೂವರು ಎಕ್ಸ್‌ಟ್ರಾಗಳ ಉತ್ತರ. ಅವತ್ತು ಮಳೆ ಎಷ್ಟೊತ್ತಿಗೆ ನಿಂತಿತು, ಅಂಪೈರ್ ಯಾವ ಬಣ್ಣದ ಟೋಪಿ ಹಾಕಿದ್ದರು, ಯಾರ ಜಡೆಯ ರಿಬ್ಬನ್ ಬಿಚ್ಚಿಹೋಗಿತ್ತು, ಎಲ್ಲ ಬಂತು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಖೋಖೋ ಆಡುವವರಿಗೆ ಖೋಖೋ ಕಾಣಿಸುವುದೇ ಇಲ್ಲ. ಚೇಸಿಂಗ್ ಮಾಡುವಾಗ ಎಂಟು ಜನ ಸಾಲಾಗಿ ಚೌಕಗಳಲ್ಲಿ ಕೂರಬೇಕು. ಒಬ್ಬಳು ಈ ಕಡೆ ಮುಖ, ಪಕ್ಕದವಳು ಆ ಕಡೆ ಮುಖ. ಅಂದರೆ ಅರ್ಧ ಆಟ ಯಾವಾಗಲೂ ನಿಮ್ಮ ಬೆನ್ನ ಹಿಂದೆ ನಡೆಯುತ್ತಿರುತ್ತದೆ. ಅಷ್ಟೊತ್ತಿಗೆ ಬೆನ್ನ ಮೇಲೆ ಒಂದು ಏಟು ಬೀಳುತ್ತದೆ, "ಖೋ!" ಅಂತ ಕಿವಿ ಹತ್ತಿರ ಕೂಗುತ್ತಾರೆ, ಎದ್ದು ಓಡಬೇಕು. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ವಾಪಸ್ ತಿರುಗೋ ಹಾಗಿಲ್ಲ, ನಡುಗೆರೆ ದಾಟೋ ಹಾಗಿಲ್ಲ. ಇಷ್ಟೆಲ್ಲ ನೆನಪಿಟ್ಟುಕೊಂಡು ಓಡುವವಳು ಸುತ್ತಮುತ್ತ ಏನು ನೋಡುತ್ತಾಳೆ? ರನ್ನಿಂಗ್‌ನಲ್ಲಿ ಇರೋಳಿಗೆ ಅಟ್ಟಿಸಿಕೊಂಡು ಬರುವವಳ ಕೈ ಒಂದು ಬಿಟ್ಟು ಬೇರೇನೂ ಕಾಣಲ್ಲ. ಮ್ಯಾಚನ್ನು ಪೂರ್ತಿ ನೋಡೋದು ಗೆರೆ ಆಚೆ ಕೂತ ಎಕ್ಸ್‌ಟ್ರಾಗಳು ಮಾತ್ರ.

ನಾವೇನು ಸುಮ್ಮನೆ ಕೂತಿರುತ್ತಿರಲಿಲ್ಲ ಮತ್ತೆ. ಆಡುವವರ ಚಪ್ಪಲಿ ಕಾಯಬೇಕು. ಓಲೆ, ಬಳೆ, ಕಾಲುಚೈನು, ಪಿನ್ನು ಎಲ್ಲ ಬಿಚ್ಚಿ ನಮ್ಮ ಕೈಗೆ ಕೊಡುತ್ತಿದ್ದರು, ಪಿಟಿ ಮೇಷ್ಟ್ರ ವಾಚ್ ಸಮೇತ. ಯಾರ ಓಲೆ ಚಿನ್ನದ್ದು, ಯಾರದು ಗಿಲೀಟು ಅಂತ ನಮಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಗ್ಲೂಕೋಸ್ ಪುಡಿ ಡಬ್ಬಿ ನಮ್ಮ ಹತ್ತಿರವೇ ಇರುತ್ತಿತ್ತು. ಆಡುವವರಿಗೆ ಒಂದೊಂದು ಚಮಚ ಅಂತ ಮೇಷ್ಟ್ರು ಹೇಳಿ ಹೋಗುತ್ತಿದ್ದರು, ಮ್ಯಾಚ್ ಮುಗಿಯುವಾಗ ಎಕ್ಸ್‌ಟ್ರಾಗಳ ನಾಲಿಗೆ ಬೆಳ್ಳಗಿರುತ್ತಿತ್ತು. ನಿಂಬೆಹಣ್ಣಿನ ಹೋಳು ಮಾತ್ರ ಮುಟ್ಟುತ್ತಿರಲಿಲ್ಲ, ಅದು ಲೆಕ್ಕದ್ದು.

ಬಟ್ಟೆ ಕಥೆ ಕೇಳಬೇಡಿ. ಇಡೀ ಸ್ಕೂಲಿಗೆ ಇದ್ದದ್ದು ಒಂದೇ ಸೆಟ್ ಬಣ್ಣದ ಬನಿಯನ್ನು. ಹುಡುಗರ ಕಬಡ್ಡಿ ಮುಗಿದು, ಅವರು ಅದನ್ನು ಬಿಚ್ಚಿ ಕೊಟ್ಟ ಮೇಲೆ ನಮಗೆ ಸಿಗಬೇಕು. ಅದನ್ನು ಚೂಡಿದಾರದ ಮೇಲೆ ಹಾಕಿಕೊಂಡು, ವೇಲನ್ನು ಹೆಗಲಿಂದ ಅಡ್ಡ ತಂದು ಸೊಂಟಕ್ಕೆ ಗಂಟು ಹಾಕಿದರೆ ಟೀಮ್ ರೆಡಿ. ಕಬಡ್ಡಿಯಲ್ಲಿ ಹುಡುಗರು ಗೆದ್ದಷ್ಟೂ ನಮಗೆ ಬನಿಯನ್ ಸಿಗೋದು ತಡ. ಹಾಗಾಗಿ ಅವರು ಬೇಗ ಸೋಲಲಿ ಅಂತ ನಾವು ಮನಸ್ಸಲ್ಲೇ ಬೇಡಿಕೊಳ್ಳುತ್ತಿದ್ದೆವು, ಬಾಯಲ್ಲಿ ಜೋರಾಗಿ ಕೂಗಿ ಹುರಿದುಂಬಿಸುತ್ತಾ.

ಹೋಬಳಿ ಮಟ್ಟದ ಕ್ರೀಡಾಕೂಟ ಸಾಮಾನ್ಯವಾಗಿ ಆಗಸ್ಟಿನಲ್ಲಿ. ಬೆಳಿಗ್ಗೆ ಹಗ್ಗ ಹಿಡಿದು ಸುಣ್ಣದ ಪುಡಿ ಉದುರಿಸಿ ಗೆರೆ ಹಾಕುತ್ತಾರೆ, ಉದ್ಘಾಟನೆಯ ಭಾಷಣ ಮುಗಿಯೋದರೊಳಗೆ ಮಳೆ ಬಂದು ಗೆರೆ ಕೊಚ್ಚಿಕೊಂಡು ಹೋಗುತ್ತದೆ, ಮತ್ತೆ ಹಾಕುತ್ತಾರೆ. ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ಹೀಗೆ ಮೇಲೆ ಮೇಲೆ ಮೆಟ್ಟಿಲು. ವಿಭಾಗ ಅಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು. ನಮಗೆ ಅದೆಲ್ಲ ಸಮಾಜ ಪುಸ್ತಕದ ಭೂಪಟದಲ್ಲಿ ನೋಡೋ ಊರುಗಳು. ನಮ್ಮ ಆಸೆ ತಾಲ್ಲೂಕಿನ ತನಕ ಇತ್ತು, ಅಲ್ಲಿ ಮಧ್ಯಾಹ್ನ ಪಲಾವ್ ಕೊಡುತ್ತಾರೆ ಅಂತ ಸೀನಿಯರ್‌ಗಳು ಹೇಳಿದ್ದರು.

ಆಟಕ್ಕಿಂತ ಮುಂಚೆ ವಯಸ್ಸಿನ ಜಗಳ ಇರಲೇಬೇಕು. ಹೈಸ್ಕೂಲ್ ವಿಭಾಗಕ್ಕೆ 17 ವರ್ಷದೊಳಗಿರಬೇಕು. ಎದುರು ಟೀಮಿನ ಒಬ್ಬಳನ್ನು ನೋಡಿ ನಮ್ಮ ಮೇಷ್ಟ್ರು, "ಏನ್ರೀ ಸರ್ ಇದು, ಈ ಮಗೂನ ನೋಡಿದ್ರೆ ಪಿಯುಸಿ ಮುಗಿಸಿದಂಗಿದೆ" ಅಂದರು. ಆ ಸ್ಕೂಲಿನ ಮೇಷ್ಟ್ರು ಹೆಡ್‌ಮಾಸ್ಟರ್ ಸಹಿ ಮಾಡಿದ ಪತ್ರ ತೆಗೆದು ತೋರಿಸಿದರು. ಹುಟ್ಟಿದ್ದು ಜೂನ್ 1. ನಮ್ಮ ಮೇಷ್ಟ್ರು ಸುಮ್ಮನಾದರು. ಯಾಕೆಂದರೆ ನಮ್ಮ ಟೀಮಿನ ಪಟ್ಟಿಯಲ್ಲೂ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪನಿಗೆ ತಾರೀಖು ನೆನಪಿಲ್ಲದಿದ್ದರೆ ಮೇಷ್ಟ್ರೇ ವಯಸ್ಸು ಸರಿಹೋಗುವ ಹಾಗೆ ಬರೆದುಬಿಡುತ್ತಿದ್ದ ದಿನ ಅದು. ನಮ್ಮ ಬ್ಯಾಚಿನ ಗುಂಪಿನಲ್ಲಿ ಈಗಲೂ ಆ ದಿನ ಕೇಕುಗಳ ಮಳೆ.

ಫೈನಲ್ ವಿಷಯಕ್ಕೆ ಬರುತ್ತೇನೆ. ಒಂದು ಪಾಯಿಂಟಿನಲ್ಲಿ ಸೋತೆವು. ಕೊನೇ ಗಳಿಗೆಯಲ್ಲಿ ನಮ್ಮ ಕ್ಯಾಪ್ಟನ್ ಎದ್ದು ಅವರ ಓಟಗಾರ್ತಿಯನ್ನು ಮುಟ್ಟಿದಳು, ನಾವು ಗೆರೆ ದಾಟಿ ಕುಣಿಯುತ್ತಾ ಒಳಗೆ ನುಗ್ಗಿದೆವು, ಅಂಪೈರ್ ಸೀಟಿ ಊದಿದರು. ಖೋ ಸಿಗುವ ಮುಂಚೆಯೇ ಎದ್ದಳು, ಫೌಲ್, ಔಟ್ ಇಲ್ಲ. ಇಷ್ಟರ ಮಟ್ಟಿಗೆ ಮೂವರು ಎಕ್ಸ್‌ಟ್ರಾಗಳದೂ ಒಂದೇ ಮಾತು. ಮುಂದಕ್ಕೆ ಮೂರು ದಾರಿ. ಒಬ್ಬಳ ಪ್ರಕಾರ ಖೋ ಕೂಗಿದ್ದು ಜೋರಾಗಿಯೇ ಕೇಳಿಸಿತ್ತು, ಅಂಪೈರ್ ಆ ಸ್ಕೂಲಿನ ಕಡೆಯವರು. ಇನ್ನೊಬ್ಬಳ ಪ್ರಕಾರ ಕೂಗಿದಳು ಸರಿ, ಬೆನ್ನಿಗೆ ಕೈ ತಾಗಲಿಲ್ಲ. ನಾನು ನೋಡಿದ್ದು ಅವಳು ಎದ್ದಾಗ ಖೋ ಕೊಡಬೇಕಾದವಳು ಇನ್ನೂ ಒಂದು ಮಾರು ದೂರ ಇದ್ದಳು. ಇದನ್ನು ಬರೆದಿದ್ದಕ್ಕೆ ಕ್ಯಾಪ್ಟನ್ ಎರಡು ದಿನ ನನ್ನ ಗುಡ್ ಮಾರ್ನಿಂಗ್‌ಗೆ ಉತ್ತರ ಕೊಡಲಿಲ್ಲ. ಮರೆತಿದ್ದ ಸೋಲನ್ನು ಕೇಳಿ ತಿಳಿದುಕೊಂಡು ಆಮೇಲೆ ಕೋಪ ಮಾಡಿಕೊಳ್ಳುವುದು ಅವಳಿಗೆ ಮಾತ್ರ ಸಾಧ್ಯ.

ಎರಡನೇ ಬಹುಮಾನ ಅಂತ ಸ್ಟೀಲ್ ತಟ್ಟೆ ಕೊಟ್ಟರು. ಎಕ್ಸ್‌ಟ್ರಾಗಳಿಗೂ ಅದೇ ತಟ್ಟೆ, ಅದೇ ಅಳತೆ. ನಮ್ಮಮ್ಮ ಇವತ್ತಿಗೂ ಅದನ್ನು ಹಾಲಿನ ಪಾತ್ರೆಗೆ ಮುಚ್ಚುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ನನಗೆ ಎಷ್ಟು ಬಂತು ಅಂತ ಮನೆಯಲ್ಲಿ ಯಾರೂ ಕೇಳಲ್ಲ, "ಇದು ಇವಳು ಖೋಖೋದಲ್ಲಿ ಗೆದ್ದ ತಟ್ಟೆ" ಅಂತ ಮಾತ್ರ ಬಂದವರಿಗೆಲ್ಲ ಹೇಳುತ್ತಾರೆ. ನಾನು ಯಾಕೆ ತಿದ್ದಲಿ?

ಬೀಳ್ಕೊಡುಗೆಯ ಫೋಟೋ, ಸ್ಲ್ಯಾಮ್ ಬುಕ್ಕು, "ಮರೆಯಬೇಡ ಕಣೇ" ಅನ್ನೋ ಅಳು, ಇವೆಲ್ಲ ಎಲ್ಲರ ಸ್ಕೂಲಲ್ಲೂ ನಡೆದಿದ್ದೇ, ಅದನ್ನು ಬಿಡುತ್ತೇನೆ. ಆಮೇಲೆ ನಡೆದದ್ದು ಹೇಳಬೇಕು. ಹುಡುಗರ ಟೀಮಿನಲ್ಲಿ ಕೆಲವರು ಪಿಯು ಕಾಲೇಜಲ್ಲೂ ಆಡಿದರು, ಊರಹಬ್ಬದ ಕಬಡ್ಡಿ ಟೂರ್ನಿಗಳಲ್ಲಿ ಮದುವೆಯಾದ ಮೇಲೂ ಆಡಿದರು. ಹುಡುಗಿಯರಲ್ಲಿ ಒಬ್ಬಳೂ ಆಡಲಿಲ್ಲ. ಯಾರ ಕೈಗೂ ಸಿಗದ ಆ ಓಟಗಾರ್ತಿಗೆ ರಿಸಲ್ಟ್ ಬರುವ ಮುಂಚೆಯೇ ಗಂಡು ನೋಡಿದ್ದರು. ಇಬ್ಬರು ಗಾರ್ಮೆಂಟ್ಸ್‌ಗೆ ಹೋದರು. ಆ ಹೋಬಳಿ ಫೈನಲ್ಲೇ ಅವರ ಕೊನೇ ಮ್ಯಾಚು. ಅದು ಕೊನೇದು ಅಂತ ಅವತ್ತು ಟೆಂಪೋದಲ್ಲಿ ಹಾಡು ಹೇಳಿಕೊಂಡು ವಾಪಸ್ ಬರುವಾಗ ಯಾರಿಗೂ ಗೊತ್ತಿರಲಿಲ್ಲ. ಆಟ ಮರೆತಿರೋದು ಬರೀ ಬೆನ್ನು ತಿರುಗಿಸಿ ಕೂತಿದ್ದಕ್ಕೆ ಅಲ್ಲ ಅಂತ ನನಗೆ ಒಂದೊಂದು ಸಲ ಅನುಮಾನ ಬರುತ್ತದೆ. ಓಡುವುದನ್ನು ಬಿಡಿಸಿದ ಮೇಲೆ ಓಡಿದ್ದನ್ನು ನೆನಪಿಟ್ಟುಕೊಂಡು ಏನು ಮಾಡೋದು ಹೇಳಿ.

ಅದಕ್ಕೇ ಇರಬೇಕು, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ಗುಂಪು ಒಂದು ವಾರ ಮಲಗಲಿಲ್ಲ. ಗಂಡಸರು, ಹೆಂಗಸರು ಎರಡರಲ್ಲೂ ಭಾರತವೇ ಗೆದ್ದಿತು, ಎರಡೂ ಫೈನಲ್‌ನಲ್ಲಿ ಎದುರಿಗಿದ್ದದ್ದು ನೇಪಾಳ. ಹೆಂಗಸರ ಟೀಮಿನಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ನಮ್ಮ ಕಡೆಯ ಹುಡುಗಿ! ಕಾಲಲ್ಲಿ ಶೂ, ಕೆಳಗೆ ಮ್ಯಾಟು, ಟಿವಿಯಲ್ಲಿ ಬರುತ್ತಿದೆ, ಸುಣ್ಣ ಕೊಚ್ಚಿಹೋಗುವ ಚಿಂತೆಯೇ ಇಲ್ಲ. ಆಮೇಲೆ ನಮ್ಮ ಸರ್ಕಾರ ಅವರಿಗೂ ಗಂಡಸರ ಟೀಮಿನ ಗೌತಮ್ ಅವರಿಗೂ ತಲಾ 5 ಲಕ್ಷ ಅಂದಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು ತಲಾ 2.25 ಕೋಟಿ. ಇಬ್ಬರೂ ಆ 5 ಲಕ್ಷ ಬೇಡ ಅಂದರು. ಗುಂಪಿನಲ್ಲಿ ಒಬ್ಬಳು, "ಕೊಟ್ಟಿದ್ದು ಇಸ್ಕೋಬೇಕಿತ್ತಪ್ಪ" ಅಂದಳು. ನಮ್ಮ ಓಟಗಾರ್ತಿ, ಸಾಮಾನ್ಯವಾಗಿ ಹೂವಿನ ಚಿತ್ರ ಬಿಟ್ಟು ಬೇರೇನೂ ಹಾಕದವಳು, "ಬೇಡ ಅಂದಿದ್ದೇ ಸರಿ" ಅಂತ ಬರೆದಳು. ನನಗೂ ಅದೇ ಸರಿ ಅನ್ನಿಸಿತು.

ಆ ಗಲಾಟೆಯಲ್ಲೇ ಗುರುವಂದನೆ ಮಾಡೋಣ ಅಂತ ಮಾತು ಬಂದು, ಬೇಸಿಗೆ ರಜೆಯಲ್ಲಿ ಎಲ್ಲ ಸ್ಕೂಲಿನಲ್ಲಿ ಸೇರಿದೆವು. ಮೇಷ್ಟ್ರುಗಳಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತು. ಊಟ ಆಯಿತು. ರಿಟೈರ್ ಆಗಿರುವ ಪಿಟಿ ಮೇಷ್ಟ್ರು ಪೇಟ ಇಟ್ಟುಕೊಂಡೇ ಜೇಬಿಂದ ಸೀಟಿ ತೆಗೆದರು. ಮನೆಯಿಂದಲೇ ತಂದಿದ್ದರು ಅಂದರೆ ಲೆಕ್ಕ ಹಾಕಿಕೊಂಡೇ ಬಂದಿದ್ದರು. "ಹೂಂ, ಖೋಖೋ ಟೀಮು, ಬನ್ರಮ್ಮ." ಕ್ಯಾಪ್ಟನ್‌ಗೆ ಮಂಡಿ ನೋವು. ಇನ್ನೊಬ್ಬಳಿಗೆ ಬಿಪಿ. ಮತ್ತೊಬ್ಬಳಿಗೆ ಹೊಸ ರೇಷ್ಮೆ ಸೀರೆ. ಮೇಷ್ಟ್ರು ಸುತ್ತ ನೋಡಿ, "ಎಕ್ಸ್‌ಟ್ರಾದವರೆಲ್ಲಿ?" ಅಂದರು.

ಸೆರಗು ಸಿಕ್ಕಿಸಿಕೊಂಡು ಮೂವರೂ ಇಳಿದೆವು. ಆಡುವವರು ಸಾಲದೆ ಬ್ಯಾಚಿನ ಹುಡುಗರನ್ನೂ, ನಮ್ಮ ಮಕ್ಕಳನ್ನೂ ಸೇರಿಸಿಕೊಂಡದ್ದಾಯಿತು. ನಾನು ಮೂರು ಖೋ ಕೊಟ್ಟೆ, ಒಬ್ಬ ಹುಡುಗನನ್ನು ಔಟ್ ಮಾಡಿದೆ. ಅವನು ಈಗ ತಾಲ್ಲೂಕು ಆಫೀಸಿನಲ್ಲಿದ್ದಾನೆ, ಔಟೇ ಅಲ್ಲ, ನಾನು ನಡುಗೆರೆ ದಾಟಿದೆ ಅಂತ ವಾದ. ಗೆರೆ ಹತ್ತಿರ ಕುರ್ಚಿ ಹಾಕಿಸಿಕೊಂಡು ಓಲೆ, ಬಳೆ, ಮೊಬೈಲು ಕಾಯುತ್ತಿದ್ದ ಕ್ಯಾಪ್ಟನ್, "ದಾಟಿದ್ಲು, ನಾನೇ ಕಣ್ಣಾರೆ ನೋಡಿದೆ" ಅಂತ ಸಾಕ್ಷಿ ಹೇಳಿದಳು. ಸರಿ, ವಿಡಿಯೋ ಇದೆಯಲ್ಲ, ನೋಡೋಣ ಅಂದೆ. ನಮ್ಮ ಮನೆಯವರೇ ತೆಗೆದ ವಿಡಿಯೋ. ಹಾಕಿ ನೋಡಿದರೆ ಪೂರ್ತಿ ಅವರ ಹೆಬ್ಬೆರಳು, ಹಿಂದೆ ಎಲ್ಲೋ ಖೋ ಖೋ ಅನ್ನೋ ಕೂಗು, ಮೇಷ್ಟ್ರ ಸೀಟಿ. ಜಗಳ ಇನ್ನೂ ನಡೀತಾ ಇದೆ.