ಉಪಗ್ರಹ ಚಿತ್ರದಿಂದ ಆಳ ತಿಳಿಯದು
ನಕ್ಷೆಯಿಲ್ಲದ ಸರೋವರಗಳ ಆಳವನ್ನು ಉಪಗ್ರಹ ಚಿತ್ರದಲ್ಲಿ ಕಾಣುವ ನೀರಿನ ಬಣ್ಣದಿಂದಲೇ ಅಂದಾಜಿಸಬಹುದು ಎಂಬ ಮಾತನ್ನು ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ಬೌಂಡರಿ ವಾಟರ್ಸ್ ಅರಣ್ಯದ ಮಟ್ಟಿಗಂತೂ ಒಪ್ಪಲಾಗದು. ಅಲ್ಲಿನ ಅನೇಕ ಸರೋವರಗಳ ನೀರು, ಸುತ್ತಲಿನ ಜೌಗು ನೆಲದಿಂದ ಇಳಿದುಬರುವ, ಕೊಳೆತ ಸಸ್ಯಗಳ ಕಂದು ಸತ್ವವಾದ ಟ್ಯಾನಿನ್‌ನಿಂದಾಗಿ ಚಹಾದ ಡಿಕಾಕ್ಷನ್‌ನಂತೆ ಕಂದಾಗಿದ್ದು, ಬೆಳಕು ತಳ ಮುಟ್ಟುವ ಮೊದಲೇ ಹೀರಿಹೋಗುವುದರಿಂದ 5 ಮೀಟರ್ ಆಳದ ದಿಬ್ಬವೂ 20 ಮೀಟರ್ ಆಳದ ಗುಂಡಿಯೂ ಚಿತ್ರದಲ್ಲಿ ಒಂದೇ ಕಪ್ಪಾಗಿ ಕಾಣುತ್ತವೆ.

ಅಲ್ಲಿ ಮೀನು ಹಿಡಿಯಲು ಆಳ ತಿಳಿಯಬೇಕಾದವರು ಮೊದಲು ನೋಡಬೇಕಾದುದು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೇಕ್‌ಫೈಂಡರ್ ತಾಣವನ್ನು. ಅರಣ್ಯದೊಳಗಿನ ಹಲವು ಸರೋವರಗಳ ಆಳದ ನಕ್ಷೆಗಳು ಅಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಹಳೆಯ ನಕ್ಷೆಗಳಲ್ಲಿ ದೂರ ದೂರದ ಅಳತೆಗಳ ನಡುವಿನ ರೇಖೆಗಳನ್ನು ಊಹಿಸಿ ಎಳೆದಿರುವುದರಿಂದ, ವಾಲೈ ಮೀನುಗಳು ಸೇರುವ ಒಂಟಿ ಬಂಡೆದಿಬ್ಬಗಳು ತಪ್ಪಿಹೋಗಿರುವುದುಂಟು. ಅಂತಹ ಕಡೆ ಜಿಪಿಎಸ್ ಇರುವ ಸಣ್ಣ ಸೋನಾರನ್ನು (ಶಬ್ದದ ಅಲೆಗಳಿಂದ ಆಳ ಅಳೆಯುವ ಸಾಧನ) ದೋಣಿಗೆ ಕಟ್ಟಿ, ದಡಕ್ಕೆ ಲಂಬವಾದ ಸಾಲುಗಳಲ್ಲಿ ಹುಟ್ಟು ಹಾಕುತ್ತಾ ಆಳವನ್ನು ದಾಖಲಿಸುವುದೇ ಮೇಲು. (ಅಲ್ಲಿನ ಬಹುಪಾಲು ಸರೋವರಗಳಲ್ಲಿ ಮೋಟಾರು ನಿಷಿದ್ಧ, ನಿಧಾನಗತಿ ಅಳತೆಗೆ ಅನುಕೂಲವೇ.) ಬೇಸಿಗೆಯಲ್ಲಿ ಲೇಕ್ ಟ್ರೌಟ್ ಮೀನು ತಣ್ಣನೆಯ ಆಳಕ್ಕೆ ಇಳಿಯುವುದರಿಂದ, ಆಗಸ್ಟ್‌ನಲ್ಲಿ ಅದನ್ನು ಅರಸಿ ಹೋಗುವವರು ದಡದ ಗೊಡವೆ ಬಿಟ್ಟು ನಡುವಿನ ಗುಂಡಿಗಳನ್ನೇ ಮೊದಲು ಅಳೆಯುವುದು ಒಳಿತು.