ಫೋರ್ಕ್ ಮಾಡಿದ ಕೋಡ್ ಅಪ್‌ಸ್ಟ್ರೀಮ್‌ಗೆ ಮರಳಲೇಬೇಕೆ? ಪರ-ವಿರೋಧ

ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಎಲ್ಲೇ ಹೋಗಿ, ರೌಟರ್ ಇರಲಿ, ಕಾರಿನ ಪರದೆ ಇರಲಿ, ಉತ್ಪನ್ನದ ತಳದಲ್ಲಿ ಓಪನ್ ಸೋರ್ಸ್ ಕೋಡ್ ಇದ್ದೇ ಇರುತ್ತದೆ. ಕಂಪನಿಯವರು ಮೂಲ ರೆಪೊಸಿಟರಿಯನ್ನು (ಕೋಡ್ ಇಟ್ಟಿರುವ ಕಣಜವನ್ನು) ಫೋರ್ಕ್ ಮಾಡಿಕೊಂಡು, ಅಂದರೆ ತಮ್ಮದೇ ಪ್ರತಿ ಮಾಡಿಕೊಂಡು, ಅದರೊಳಗೆ ತಮಗೆ ಬೇಕಾದ ಬದಲಾವಣೆ ಮಾಡಿ ಮಾರುಕಟ್ಟೆಗೆ ಬಿಡುತ್ತಾರೆ. ಆ ಬದಲಾವಣೆಗಳನ್ನು ಮೂಲಕ್ಕೆ, ಅಂದರೆ ಅಪ್‌ಸ್ಟ್ರೀಮ್‌ಗೆ, ಕಳಿಸುವುದನ್ನು ತಂಡಗಳಿಗೆ ಕಡ್ಡಾಯ ಮಾಡಬೇಕೆ?

ಪರ: ಕಳಿಸಲೇಬೇಕು

ಫೋರ್ಕ್ ಮಾಡುವುದು ಅರೆ ನಿಮಿಷದ ಕೆಲಸ, ಸಾಕುವುದು ವರ್ಷಗಟ್ಟಲೆ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ಹೃದಯಭಾಗ) 9-10 ವಾರಕ್ಕೊಮ್ಮೆ ಬಿಡುಗಡೆಯಾಗುತ್ತದೆ. ಪ್ರತಿ ಸುತ್ತಿನ ಮೊದಲ 2 ವಾರಗಳ ಮರ್ಜ್ ವಿಂಡೋದಲ್ಲೇ (ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿಯಲ್ಲೇ) ಸಾಮಾನ್ಯವಾಗಿ 10,000ದ ಆಸುಪಾಸು ಕಮಿಟ್‌ಗಳು, ಅಂದರೆ ದಾಖಲಾದ ಬದಲಾವಣೆಗಳು, ಒಳಬರುತ್ತವೆ. ಹೊರಗೆ ಉಳಿದವರು ಇಷ್ಟರ ಮೇಲೂ ತಮ್ಮ ಪ್ಯಾಚ್‌ಗಳನ್ನು (ಬದಲಾವಣೆಯ ತುಣುಕುಗಳನ್ನು) ಮತ್ತೆ ಮತ್ತೆ ಕೂರಿಸುತ್ತಿರಬೇಕು.

ಮರ್ಜ್ ಮಾಡುವಾಗ, ಅಂದರೆ ಎರಡೂ ಕಡೆಯ ಕೋಡ್ ಬೆಸೆಯುವಾಗ, ಕಾನ್‌ಫ್ಲಿಕ್ಟ್ (ಒಂದೇ ಸಾಲುಗಳನ್ನು ಇಬ್ಬರೂ ಬದಲಿಸಿದ ಘರ್ಷಣೆ) ಬಂದರೆ ಪುಣ್ಯ. ಆ ಸಾಲುಗಳ ಸುತ್ತ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶ ಗುರುತು ಹಾಕಿ ನಿಲ್ಲಿಸುತ್ತದೆ, ಯಾರಾದರೂ ನೋಡಲೇಬೇಕಾಗುತ್ತದೆ. ಹೆದರಬೇಕಾದ್ದು ಸದ್ದಿಲ್ಲದೆ ಮರ್ಜ್ ಆಗಿಬಿಡುವುದಕ್ಕೆ. ಒಂದು ಫಂಕ್ಷನ್ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಸೆಕೆಂಡಿನಲ್ಲಿ ಕೇಳುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಫೋರ್ಕ್‌ನ ಡ್ರೈವರ್ (ಯಂತ್ರಾಂಶವನ್ನು ನಡೆಸುವ ಕೋಡ್) ಅದಕ್ಕೆ 30 ಎಂದು ಕೊಡುತ್ತದೆ. ಅಪ್‌ಸ್ಟ್ರೀಮ್‌ನವರು ಅದನ್ನು ಮಿಲಿಸೆಕೆಂಡಿಗೆ ಬದಲಿಸಿ, ತಮ್ಮ ರೆಪೊದಲ್ಲಿ ಅದನ್ನು ಕರೆಯುವ ಕಡೆಯೆಲ್ಲ 30,000 ಎಂದು ತಿದ್ದುತ್ತಾರೆ. ನಮ್ಮ ಡ್ರೈವರ್ ಇರುವುದೇ ಅವರಿಗೆ ಗೊತ್ತಿಲ್ಲ. ಎರಡೂ ಕಡೆಯವರು ಮುಟ್ಟಿದ ಫೈಲ್‌ಗಳು ಬೇರೆ ಬೇರೆಯಾದ್ದರಿಂದ ಗಿಟ್ ತಕರಾರು ಎತ್ತುವುದಿಲ್ಲ. ಕಂಪೈಲ್ (ಯಂತ್ರದ ಭಾಷೆಗೆ ಪರಿವರ್ತನೆ) ಕೂಡ ಆಗುತ್ತದೆ. ಗ್ರಾಹಕರ ಮನೆಯಲ್ಲಿ ಮಾತ್ರ, 30 ಸೆಕೆಂಡಿನ ಬದಲು 30 ಮಿಲಿಸೆಕೆಂಡಷ್ಟೇ ಕಾಯುವ ರೌಟರ್ ಆಗಾಗ ಸಂಪರ್ಕ ಕಳೆದುಕೊಳ್ಳುತ್ತದೆ, ಯಾಕೆಂದು ಯಾರಿಗೂ ಹೊಳೆಯುವುದಿಲ್ಲ. ಆ ಡ್ರೈವರ್ ಮೂಲದಲ್ಲೇ ಇದ್ದಿದ್ದರೆ ಫಂಕ್ಷನ್ ಬದಲಿಸಿದವರೇ ಅದನ್ನೂ ತಿದ್ದಿರುತ್ತಿದ್ದರು. ಕರ್ನಲ್‌ನ ಒಳಗಿನ ಇಂಟರ್‌ಫೇಸ್ ಮುಟ್ಟಿದವರು ಅದನ್ನು ಬಳಸುವ ಒಳಗಿನ ಕೋಡನ್ನೆಲ್ಲ ತಾವೇ ಸರಿಪಡಿಸಬೇಕೆಂಬುದು ಅಲ್ಲಿನ ರೂಢಿ. ಕೋಡ್ ಒಳಗಿರುವವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಆಂಡ್ರಾಯ್ಡ್ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿತು. ನೋಡಿಕೊಳ್ಳುವವರಿಲ್ಲವೆಂದು 2010ರಲ್ಲಿ ಅದರ ಡ್ರೈವರ್‌ಗಳನ್ನು ಕರ್ನಲ್‌ನಿಂದ ತೆಗೆದುಹಾಕಲಾಗಿತ್ತು. 2012ರ 3.3 ಆವೃತ್ತಿಯ ಹೊತ್ತಿಗೆ ಆ ಕೋಡ್ ಮತ್ತೆ ಒಳಬರತೊಡಗಿತು. ಅಷ್ಟಾದರೂ ಗೂಗಲ್‌ಗೊಂದು ಫೋರ್ಕ್, ಚಿಪ್ ಕಂಪನಿಗೊಂದು, ಫೋನ್ ಕಂಪನಿಗೊಂದು ಉಳಿದೇ ಉಳಿದವು. ಮೂಲದಲ್ಲಿ ಮುಚ್ಚಿದ ಭದ್ರತಾ ದೋಷ ಇಷ್ಟು ಮೆಟ್ಟಿಲಿಳಿದು ಜನರ ಫೋನ್ ತಲುಪಬೇಕಿತ್ತು. ಕೊನೆಗೆ 5.10 ಕರ್ನಲ್‌ನಿಂದ ಎಲ್ಲರಿಗೂ ಒಂದೇ ತಿರುಳು, ಚಿಪ್‌ನವರ ಕೋಡ್ ಪ್ರತ್ಯೇಕ ಮಾಡ್ಯೂಲ್ ಎಂಬ ವ್ಯವಸ್ಥೆಯನ್ನು ಗೂಗಲ್ ತಂದಿತು.

ಇದರಲ್ಲಿ ಕನ್ನಡಿಗರ ಹಿತವೂ ಇದೆ. ಒತ್ತಕ್ಷರಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಹಾರ್ಫ್‌ಬಜ್ ಲೈಬ್ರರಿ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಬಳಕೆಯಲ್ಲಿದೆ. ಅಲ್ಲಿನ ದೋಷವೊಂದನ್ನು ಬೆಂಗಳೂರಿನ ತಂಡ ತನ್ನ ಫೋರ್ಕ್‌ನಲ್ಲಿ ಸರಿಪಡಿಸಿ ಸುಮ್ಮನಾದರೆ ಅವರ ಆ್ಯಪ್‌ನಲ್ಲಷ್ಟೇ ಕನ್ನಡ ನೆಟ್ಟಗೆ ಕಾಣುತ್ತದೆ. ಮೂಲಕ್ಕೆ ಕಳಿಸಿದರೆ ಎಲ್ಲ ಕನ್ನಡಿಗರ ಪರದೆಯಲ್ಲೂ ಕಾಣುತ್ತದೆ.

ವಿರೋಧ: ಕಡ್ಡಾಯ ಬೇಡ

ನನ್ನ ಒಲವು ಮೇಲಿನ ವಾದದ ಕಡೆಗೇ ಇದೆ. ಆದರೂ ಕಡ್ಡಾಯ ಮಾಡುವುದಕ್ಕೆ ಎದುರು ನಿಲ್ಲುವ ಮಾತುಗಳು ಹಗುರವಲ್ಲ.

ಮೊದಲನೆಯದು ಸಮಯ. ಕರ್ನಲ್ ಅನ್ನು ರಿಯಲ್ ಟೈಮ್ ಕೆಲಸಕ್ಕೆ (ಗಡುವಿನೊಳಗೆ ಮುಗಿಯಲೇಬೇಕಾದ ಕೆಲಸಕ್ಕೆ) ಒಗ್ಗಿಸುವ ಪ್ಯಾಚ್‌ಗಳು ಸುಮಾರು 20 ವರ್ಷ ಹೊರಗೇ ಇದ್ದು, 2024ರ 6.12 ಆವೃತ್ತಿಯಲ್ಲಿ ಮುಖ್ಯ ಕರ್ನಲ್‌ನ ಭಾಗವಾದವು. ಬರೆದವರು ನುರಿತವರೇ, ಪರಿಶೀಲನೆಯೂ ನ್ಯಾಯವಾದದ್ದೇ. ಆದರೆ ಕಾರ್ಖಾನೆಯ ಯಂತ್ರ ಅಷ್ಟು ವರ್ಷ ಕಾಯುವಂತಿರಲಿಲ್ಲ. ಬೇಕಾದವರು ಪ್ಯಾಚ್ ಹಾಕಿಕೊಂಡೇ ಬಳಸಿದರು.

ಎರಡನೆಯದು ಮೂಲವನ್ನು ನೋಡಿಕೊಳ್ಳುವವರ ಪಾಡು. ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ಕೂತು ರಿವ್ಯೂ ಮಾಡುವವರು. ಪ್ಯಾಚ್ ಕಳಿಸುವುದು ಅಪ್ರೈಸಲ್‌ನ ಲೆಕ್ಕವಾದರೆ ಅವರ ಮೇಲೆ ಸುರಿಯುವುದು ಕಸ. ಓಪನ್ ಸೋರ್ಸ್‌ಗೆ ಕೊಡುಗೆ ನೀಡಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ 2020ರಲ್ಲಿ ನಡೆದದ್ದೂ ಇದೇ. ನಾಲ್ಕು ಪುಲ್ ರಿಕ್ವೆಸ್ಟ್‌ಗೆ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ಒಂದು ಟೀ ಶರ್ಟ್ ಎಂದದ್ದಕ್ಕೆ, ಒಂದೊಂದು ಪದ ಸೇರಿಸಿದ ಕೋರಿಕೆಗಳು ಸಾಲುಗಟ್ಟಿದವು. ಒಪ್ಪಿಗೆ ಕೊಟ್ಟ ರೆಪೊಗಳಿಗೆ ಮಾತ್ರ ಲೆಕ್ಕ ಎಂದು ಸಂಘಟಕರು ನಿಯಮ ಬದಲಿಸಬೇಕಾಯಿತು. ಒಬ್ಬನೇ ಗ್ರಾಹಕನಿಗೆಂದು ಮಾಡಿದ ಬೋರ್ಡಿನ ಕೋಡ್ ಲೋಕಕ್ಕೆ ಬೇಕಿಲ್ಲ. ಲಿನಕ್ಸ್ ಕರ್ನಲ್‌ನ ಪರವಾನಗಿಯಾದ ಜಿಪಿಎಲ್ ಕೂಡ ಉತ್ಪನ್ನ ಪಡೆದವರಿಗೆ ಸೋರ್ಸ್ ಸಿಗಬೇಕು ಎನ್ನುತ್ತದೆಯೇ ಹೊರತು ಅದು ಮೂಲದಲ್ಲಿ ಮರ್ಜ್ ಆಗಲೇಬೇಕೆಂದು ಹೇಳುವುದಿಲ್ಲ.

ಇನ್ನು, ಬೇರೆಯಾಗಿ ನಿಂತದ್ದರಿಂದಲೇ ಒಳ್ಳೆಯದಾದ ಉದಾಹರಣೆಗಳಿವೆ. ಜಿಸಿಸಿ ಕಂಪೈಲರ್‌ನ ಬೆಳವಣಿಗೆ ಕುಂಟುತ್ತಿದ್ದಾಗ 1997ರಲ್ಲಿ ಈಜಿಸಿಎಸ್ ಎಂಬ ಫೋರ್ಕ್ ಹುಟ್ಟಿತು. 1999ರಲ್ಲಿ ಅದೇ ಅಧಿಕೃತ ಜಿಸಿಸಿ ಆಯಿತು. ಜಾವಾಸ್ಕ್ರಿಪ್ಟ್ ಕೋಡನ್ನು ನಡೆಸುವ ನೋಡ್ ತಂತ್ರಾಂಶದಿಂದ 2014ರ ಕೊನೆಯಲ್ಲಿ ಸಿಡಿದ ಐಒ.ಜೆಎಸ್ ಮರುವರ್ಷವೇ ನೋಡ್ 4.0 ಆಗಿ ಕೂಡಿಕೊಂಡಿತು. ಮೊದಲ ದಿನದಿಂದಲೇ ಪ್ರತಿ ಬದಲಾವಣೆಗೂ ಮೂಲದವರ ಒಪ್ಪಿಗೆ ಕಾಯುತ್ತ ಕೂತಿದ್ದರೆ ಎರಡೂ ಆಗುತ್ತಿರಲಿಲ್ಲ.

ಕಡ್ಡಾಯ ಮಾಡುವುದಿದ್ದರೆ ಮೂಲದಿಂದ ತರುವುದನ್ನು ಮಾಡಲಿ, ಅದೂ ಪ್ರತಿ ಬಿಡುಗಡೆಗೆ, ತಪ್ಪದೆ. ತರುವಾಗ ಎಲ್ಲವನ್ನೂ ಸ್ಕ್ವಾಷ್ ಮಾಡಿ ಒಂದೇ ಕಮಿಟ್ ಆಗಿ ತುರುಕಬಾರದು. ಹಾಗೆ ತಂದರೆ ಎರಡು ಶಾಖೆಗಳು ಕೊನೆಯದಾಗಿ ಎಲ್ಲಿ ಕೂಡಿದ್ದವು ಎಂಬುದು ಗಿಟ್‌ನ ಲೆಕ್ಕದಲ್ಲಿ ಹಳೆಯ ಜಾಗದಲ್ಲೇ ಉಳಿಯುತ್ತದೆ, ಈ ಸಲ ಬಗೆಹರಿಸಿದ ಕಾನ್‌ಫ್ಲಿಕ್ಟ್‌ಗಳೇ ಮುಂದಿನ ಮರ್ಜ್‌ನಲ್ಲಿ ಮತ್ತೆ ಎದುರಾಗುತ್ತವೆ.